ಮೂಗ್‌ನಿಂದ ಗರ್ಬಾ ರೀಮಿಕ್ಸ್‌ವರೆಗೆ

ಭಾರತದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋ ಶುರುವಾದದ್ದು 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಮೂಗ್ ಸಿಂಥಸೈಜರ್ ಜೋಡಿಸಿಕೊಟ್ಟರು. ಪಖಾವಜ್ ಬಲ್ಲ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಅದರಲ್ಲಿ ನಾದ ಕಟ್ಟಿದರು.

ಆ ಸಿಂಥಸೈಜರ್‌ನಲ್ಲಿ ಆಸಿಲೇಟರ್ ಸ್ವರ ಹುಟ್ಟಿಸುತ್ತದೆ, ಫಿಲ್ಟರ್ ಅದರ ಚೂಪು ತೆಗೆಯುತ್ತದೆ, ನಡುವೆ ಒಂದು ವೈರು. ಅದೇ ವೈರನ್ನು ಬೇರೆ ತೂತಿಗೆ ಚುಚ್ಚಿದರೆ ನಾದವೇ ಬೇರೆ.

ಕೆಲವೇ ವರ್ಷಗಳಲ್ಲಿ ಸ್ಟುಡಿಯೋ ನಿಂತುಹೋಯಿತು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ಉಳಿದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಹುಡುಕಿ ತೆಗೆದ ಮೇಲೆ, 2023ರಲ್ಲಿ ಆಲ್ಬಮ್ ಆಗಿ ಹೊರಬಂದವು. ಅರ್ಧ ಶತಮಾನ ಯಾರ ಕಿವಿಗೂ ಬೀಳದೆ ಹೋದದ್ದು ದೊಡ್ಡ ನಷ್ಟ.

ಇಂದು ಅದೇ ಆಸಿಲೇಟರ್, ಅದೇ ಫಿಲ್ಟರ್ ಲ್ಯಾಪ್‌ಟಾಪಿನೊಳಗಿವೆ. ನವರಾತ್ರಿ ಹತ್ತಿರವಾದಂತೆ ವಡೋದರಾ, ಸೂರತ್‌ಗಳ ಡಿಜೆಗಳು ಗರ್ಬಾ ರೀಮಿಕ್ಸ್‌ಗೆ ಕೂರುತ್ತಾರೆ. ಆರು ಮಾತ್ರೆಯ ಹೀಂಚ್ ತಾಳದ ಮೇಲೆ ಕ್ಲಬ್ ಸಂಗೀತದ ಕಿಕ್ ಡ್ರಮ್ ಕೂರಿಸುವುದೇ ಇಲ್ಲಿನ ಕೈಚಳಕ. ಲೆಕ್ಕ ಒಂಚೂರು ಜಾರಿದರೂ ಕುಣಿಯುವವರ ಹೆಜ್ಜೆ ತಪ್ಪುತ್ತದೆ.

ಹಾಡು ಹೊರಬರಲು ಕ್ಯಾಸೆಟ್ ಕಂಪನಿಯ ಬಾಗಿಲು ಕಾಯಬೇಕಿಲ್ಲ. ಯೂಟ್ಯೂಬ್, ಸೌಂಡ್‌ಕ್ಲೌಡ್, ಇನ್‌ಸ್ಟಾಗ್ರಾಂ ಇವೆ. ಆದರೆ ಯೂಟ್ಯೂಬಿನ ಕಂಟೆಂಟ್ ಐಡಿ ಎರವಲು ತಂದ ತುಣುಕನ್ನು ಗುರುತು ಹಿಡಿಯುತ್ತದೆ. ಜಾಹೀರಾತಿನ ಹಣ ಮೂಲ ಹಕ್ಕುದಾರರಿಗೆ ಹೋಗಬಹುದು, ವಿಡಿಯೋವೇ ಮರೆಯಾಗಬಹುದು. ಹಳೆಯ ಜನಪದ ಗರ್ಬಾದ ಧಾಟಿ ಎಲ್ಲರ ಸೊತ್ತು; ಅದರ ಧ್ವನಿಮುದ್ರಣಕ್ಕೆ ಮಾತ್ರ ಕೃತಿಸ್ವಾಮ್ಯ ಕಾಯ್ದೆಯಡಿ 60 ವರ್ಷದ ರಕ್ಷಣೆಯಿದೆ. ಅದೇ ಧಾಟಿಯನ್ನು ಹೊಸದಾಗಿ ಹಾಡಿಸಿ ಮುದ್ರಿಸಿಕೊಂಡರೆ, ಆ ಮುದ್ರಣದ ಹಕ್ಕು ಮಾಡಿಸಿದವರದೇ.