ಬಾಡಿಗೆ ಮನೆಯ ಸೂರಿಗೊಂದು ಕಾವಲು

ಗುಂಡಿ ಒತ್ತಿದ್ದು ಹಿಂಬದಿಯ ಮಲಗುವ ಕೋಣೆಯಲ್ಲಿ. ಕೂಗಿದ್ದು ಇಡೀ ಮನೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ದಕ್ಷಿಣದಲ್ಲಿರುವ ಲೋಗನ್ ಎಂಬ ಊರಿನಲ್ಲಿ ನನ್ನ ಅಕ್ಕನ ಮಗಳು ಬಾಡಿಗೆಗಿರುವ ಮನೆ ಅದು. ಕರಾರು ನವೀಕರಣಕ್ಕೆ ಮುಂಚೆ ಮಾಲೀಕರ ಪರವಾಗಿ ಬಂದಿದ್ದ ತಂತ್ರಜ್ಞ ಏಣಿ ಹತ್ತಿ, ಸೂರಿಗೆ ಅಂಟಿಕೊಂಡಿದ್ದ ಸ್ಮೋಕ್ ಅಲಾರಂ ಎಂಬ ಬಿಳಿ ಡಬ್ಬಿಯ ಗುಂಡಿಯನ್ನು ಒತ್ತಿ ಹಿಡಿದರು. ಅದು ಚೀರಿತು. ಹಿಂದೆಯೇ ಪಕ್ಕದ ಕೋಣೆಯದು, ಕೋಣೆಗಳ ನಡುವಿನ ಕಾರಿಡಾರಿನದು, ಮಹಡಿಯ ಮೇಲಿನವು ಒಂದೊಂದಾಗಿ ದನಿಗೂಡಿಸಿದವು. ನಡುವೆ ತಂತಿಯೇನೂ ಇಲ್ಲ. ರೇಡಿಯೊ ಸಂಕೇತದಲ್ಲೇ ಒಂದು ಇನ್ನೊಂದನ್ನು ಎಬ್ಬಿಸುತ್ತದೆ.

‘ಆ ಕೋಣೆಯ ಬಾಗಿಲು ಹಾಕಿಕೊಂಡು ಕೇಳಿ’ ಎಂದರು ಅವರು. ಹಾಕಿಕೊಂಡು ನಿಂತೆ. ತಲೆಯ ಮೇಲೆಯೇ ಕೂಗುತ್ತಿತ್ತು. ಮೂರು ಮೀಟರ್ ದೂರದಲ್ಲೂ 85 ಡೆಸಿಬೆಲ್ ಇರಬೇಕೆಂಬ ಲೆಕ್ಕ ಏಕೆಂದು ಆಗ ಅರ್ಥವಾಯಿತು. ಬೆಂಕಿ ಮನೆಯ ಯಾವ ಮೂಲೆಯಲ್ಲೇ ಹೊತ್ತಿಕೊಳ್ಳಲಿ, ಬಾಗಿಲು ಮುಚ್ಚಿ ಮಲಗಿದವರ ಕಿವಿಗೆ ಸುದ್ದಿ ತಲುಪಬೇಕು. ನಿದ್ದೆಯಲ್ಲಿ ಮೂಗನ್ನು ನಂಬುವಂತಿಲ್ಲ, ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಎಂಬ ಖಾತರಿಯಿಲ್ಲ. ಮನೆಬೆಂಕಿಯಲ್ಲಿ ಜ್ವಾಲೆಗಿಂತ ಮೊದಲು ಪ್ರಾಣಕ್ಕೆ ಎರವಾಗುವುದು ಹೊಗೆ ಮತ್ತು ಅದರೊಳಗಿನ ಕಾರ್ಬನ್ ಮಾನಾಕ್ಸೈಡ್.

ತಂತ್ರಜ್ಞರ ಕೆಲಸವನ್ನು ನಾನು ಕೋಣೆಯಿಂದ ಕೋಣೆಗೆ ಹಿಂಬಾಲಿಸಿ ನೋಡಿದೆ. ಟೇಪು ಹಿಡಿದು ಅಳೆದರು: ಗೋಡೆ ಮತ್ತು ಸೂರು ಸೇರುವ ಮೂಲೆಯಿಂದ 300 ಮಿಲಿಮೀಟರ್ ದೂರ ಇರಬೇಕು, ಏಕೆಂದರೆ ಆ ಮೂಲೆಗೆ ಹೊಗೆ ತಡವಾಗಿ ಬರುತ್ತದೆ. ದೀಪದಿಂದಲೂ ಅಷ್ಟೇ ದೂರ. ಫ್ಯಾನಿನ ರೆಕ್ಕೆಯಿಂದ, ಏಸಿಯ ಗಾಳಿ ಬರುವ ಕಂಡಿಯಿಂದ 400 ಮಿಲಿಮೀಟರ್. ಆಮೇಲೆ ಮೆತ್ತನೆಯ ಬ್ರಷ್ ಸಿಕ್ಕಿಸಿದ ವ್ಯಾಕ್ಯೂಮ್ ಕ್ಲೀನರನ್ನು ಡಬ್ಬಿಯ ಸುತ್ತಲಿನ ಸೀಳುಗಳ ಮೇಲೆ ಆಡಿಸಿದರು. ಧೂಳು ಕೂತರೆ, ಜೇಡ ಒಳಸೇರಿದರೆ ಅಲಾರಂ ಬೇಡದ ಹೊತ್ತಿಗೆ ಕೂಗುತ್ತದೆ. ಕೊನೆಗೆ ಒಂದನ್ನು ತಿರುಗಿಸಿ ಬೆನ್ನಿನ ಮೇಲೆ ಅಚ್ಚಾದ ತಯಾರಿಕೆಯ ದಿನಾಂಕ ತೋರಿಸಿದರು. ಹತ್ತು ವರ್ಷ ತುಂಬಿದರೆ, ಚೆನ್ನಾಗಿ ಕೂಗುತ್ತಿದ್ದರೂ ಬದಲಿಸಲೇಬೇಕು.

‘ಊರಲ್ಲಿ ಮನೆ ಹುಡುಕುವಾಗ ನೀರು ಬರುತ್ತಾ, ಬಾಗಿಲು ಯಾವ ದಿಕ್ಕಿಗಿದೆ ಅಂತ ನೋಡ್ತಿದ್ವಿ ಚಿಕ್ಕಮ್ಮ. ಸೂರಿನ ಕಡೆ ತಲೆ ಎತ್ತಿ ನೋಡಿದ್ದೇ ಇಲ್ಲಿಗೆ ಬಂದ ಮೇಲೆ’ ಎಂದಳು ಮಗಳು. ಒಣಮೆಣಸಿನಕಾಯಿ ಒಗ್ಗರಣೆ ಹಾಕುವ ಮುನ್ನ ಅವಳ ಕೈ ತಾನಾಗಿಯೇ ಒಲೆಯ ಮೇಲಿನ ಫ್ಯಾನಿನ ಸ್ವಿಚ್ಚಿಗೆ ಹೋಗುತ್ತದೆ. ಅಡುಗೆಯ ಘಾಟಿಗೆ ಬೇಸತ್ತು ಅಲಾರಂ ಬ್ಯಾಟರಿ ಕಿತ್ತಿಟ್ಟು ಮರೆತುಬಿಡುವುದು ಎಲ್ಲ ದೇಶದವರ ಕಥೆ. ಅದಕ್ಕೇ ಇಲ್ಲಿ ಎರಡೇ ದಾರಿ: ಮನೆಯ ವಿದ್ಯುತ್ ಸಂಪರ್ಕಕ್ಕೇ ಜೋಡಿಸಿದ್ದು, ಇಲ್ಲವೇ ಹತ್ತು ವರ್ಷ ಬಾಳುವ, ತೆಗೆಯಲಾಗದ ಬ್ಯಾಟರಿಯದು.

ಅಲಾರಂ ಎಂದರೆ ಎಲ್ಲವೂ ಒಂದೇ ಅಲ್ಲ. ಈ ರಾಜ್ಯ, ಅಂದರೆ ಕ್ವೀನ್ಸ್‌ಲ್ಯಾಂಡ್, ಒಪ್ಪುವುದು ಬೆಳಕಿನ ತತ್ವದ ‘ಫೋಟೊಎಲೆಕ್ಟ್ರಿಕ್’ ಬಗೆಯನ್ನು ಮಾತ್ರ. ಅದರೊಳಗಿನ ಕತ್ತಲ ಗೂಡಿನಲ್ಲಿ ಒಂದು ಎಲ್‌ಇಡಿ, ಅದರ ಬೆಳಕು ನೇರ ಬೀಳದ ಕೋನದಲ್ಲಿ ಒಂದು ಸಂವೇದಕ. ಬಿಸಿಲುಕೋಲಿನಲ್ಲಿ ಧೂಪದ ಹೊಗೆ ಹೊಳೆಯುವಂತೆ, ಒಳನುಗ್ಗಿದ ಹೊಗೆ ಬೆಳಕನ್ನು ಚದುರಿಸಿ ಸಂವೇದಕಕ್ಕೆ ಮುಟ್ಟಿಸುತ್ತದೆ. ಹಾಸಿಗೆ, ಸೋಫಾಗಳಲ್ಲಿ ಉರಿಯೇಳದೆ ಗಂಟೆಗಟ್ಟಲೆ ಕನಲುವ ಬೆಂಕಿಯನ್ನು ಇದು ಬೇಗ ಹಿಡಿಯುತ್ತದೆ.

ಕ್ವೀನ್ಸ್‌ಲ್ಯಾಂಡ್ ಹೊರಹಾಕಿದ್ದು ‘ಅಯೊನೈಸೇಷನ್’ ಬಗೆಯನ್ನು. ಅದರ ಕಥೆ ನನ್ನನ್ನು ಇನ್ನೂ ಬಿಟ್ಟಿಲ್ಲ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ವಿಷಾನಿಲ ಪತ್ತೆಹಚ್ಚುವ ಸಾಧನ ಮಾಡಲು ಹೊರಟಿದ್ದರು. ವಿಷಾನಿಲಕ್ಕೆ ಅದು ಮಿಸುಕಲಿಲ್ಲ. ಅವರು ಸೇದಿದ ಸಿಗರೇಟಿನ ಹೊಗೆಗೆ ಮೀಟರಿನ ಮುಳ್ಳು ಸರಿಯಿತು. ಆ ಜಾಡಿನಲ್ಲಿ ಹುಟ್ಟಿದ ಅಲಾರಂ ಕೆಲಸ ಮಾಡುವುದು ಅಮೆರಿಸಿಯಂ-241 ಎಂಬ ವಿಕಿರಣಶೀಲ ಧಾತುವಿನ ಒಂದು ಗ್ರಾಂನ ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ ಅಂಶದಿಂದ. ಅದರ ಆಲ್ಫಾ ಕಣಗಳು ಗಾಳಿಗೆ ವಿದ್ಯುದಂಶ ತುಂಬಿ ಸಣ್ಣ ಪ್ರವಾಹ ಹರಿಸುತ್ತವೆ. ಹೊಗೆ ಬಂದರೆ ಪ್ರವಾಹ ಕುಗ್ಗಿ ಅಲಾರಂ ಕೂಗುತ್ತದೆ. ಆ ಕಣಗಳನ್ನು ಒಂದು ಹಾಳೆ ಕಾಗದ ತಡೆಯಬಲ್ಲದು, ಆದರೆ ಧಾತು ಅರ್ಧಕ್ಕಿಳಿಯಲು 432 ವರ್ಷ ಬೇಕು. ಈ ಧಾತುವನ್ನು 1944ರಲ್ಲಿ ಗ್ಲೆನ್ ಸೀಬೋರ್ಗ್ ತಂಡ ಷಿಕಾಗೊದಲ್ಲಿ ಕಂಡುಹಿಡಿದಾಗ ಅದು ಅಣುಬಾಂಬ್ ಯೋಜನೆಯ ಗುಟ್ಟು. ಯುದ್ಧ ಮುಗಿದ ಮೇಲೆ, 1945ರ ನವೆಂಬರ್ 11ರಂದು, ಸೀಬೋರ್ಗ್ ‘ಕ್ವಿಜ್ ಕಿಡ್ಸ್’ ಎಂಬ ಮಕ್ಕಳ ರೇಡಿಯೊ ಕಾರ್ಯಕ್ರಮಕ್ಕೆ ಹೋಗಿದ್ದರು. ಹೊಸ ಧಾತುಗಳೇನಾದರೂ ಸಿಕ್ಕಿವೆಯೇ ಎಂದು ಹುಡುಗನೊಬ್ಬ ಕೇಳಿಯೇಬಿಟ್ಟ. ವಿಜ್ಞಾನಿಗಳ ಸಭೆಯಲ್ಲಿ ಹೇಳಬೇಕಿದ್ದ ಸುದ್ದಿಯನ್ನು ಅವರು ಕೆಲವು ದಿನ ಮೊದಲೇ ಆ ಮಗುವಿಗೆ ಹೇಳಿದರು. ಅಣುಬಾಂಬಿನ ಅಂಗಳದಲ್ಲಿ ಹುಟ್ಟಿದ ವಸ್ತುವೊಂದು ಕೋಟ್ಯಂತರ ಮನೆಗಳ ಸೂರಿನಡಿ ನಿದ್ದೆ ಕಾಯ್ದಿತು ಎಂಬುದು ನನಗೆ ದೊಡ್ಡ ಸಮಾಧಾನದ ಸಂಗತಿ. ಭುಗಿಲೇಳುವ ಬೆಂಕಿಯನ್ನು ಈ ಬಗೆಯ ಅಲಾರಂ ಚುರುಕಾಗಿಯೇ ಹಿಡಿಯುತ್ತದೆ. ಕನಲುವ ಬೆಂಕಿಗೆ ತಡ, ಅಡುಗೆಯ ಹೊಗೆಗೆ ಆತುರ. ಮಲಗುವ ಕೋಣೆಗೆ ಈ ಗುಣ ಒಗ್ಗದು.

ಕ್ವೀನ್ಸ್‌ಲ್ಯಾಂಡಿಗೆ ಇಷ್ಟು ಬಿಗಿಯಾದ ಕಾನೂನು ಬಂದದ್ದು ದುಃಖದಿಂದ. 2011ರ ಆಗಸ್ಟಿನಲ್ಲಿ ಇದೇ ಲೋಗನ್‌ನ ಸ್ಲ್ಯಾಕ್ಸ್ ಕ್ರೀಕ್ ಬಡಾವಣೆಯ ಮನೆಯೊಂದು ನಡುರಾತ್ರಿಯಲ್ಲಿ ಹೊತ್ತಿ ಉರಿದು ಒಂದೇ ಸೂರಿನಡಿಯ 11 ಮಂದಿ ತೀರಿಕೊಂಡರು. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಮೂರು ತಲೆಮಾರು. ಆ ಸಾವುಗಳ ವಿಚಾರಣೆ ನಡೆಸಿದ ಅಧಿಕಾರಿ (ಕೊರೋನರ್) 2014ರಲ್ಲಿ, ಪ್ರತಿ ಮಲಗುವ ಕೋಣೆಯಲ್ಲೂ ಪರಸ್ಪರ ಜೋಡಣೆಯಾದ ಅಲಾರಂ ಇರಬೇಕೆಂದರು. 2016ರಲ್ಲಿ ಶಾಸನವಾಯಿತು. ಹೊಸದಾಗಿ ಕಟ್ಟುವ ಮನೆಗಳಿಗೆ 2017ರ ಜನವರಿ 1ರಿಂದ, ಬಾಡಿಗೆಗೆ ಕೊಡುವ ಮತ್ತು ಮಾರುವ ಮನೆಗಳಿಗೆ 2022ರ ಜನವರಿ 1ರಿಂದ, ಉಳಿದೆಲ್ಲ ಸ್ವಂತ ಮನೆಗಳಿಗೆ 2027ರ ಜನವರಿ 1ರಿಂದ ಅನ್ವಯ. ಇದಕ್ಕೆ ಹೋಲಿಸಿದರೆ, ಇಂಗ್ಲೆಂಡ್ 2015ರಲ್ಲಿ ಖಾಸಗಿ ಮಾಲೀಕರಿಗೆ ಮಹಡಿಗೊಂದು ಅಲಾರಂ ಸಾಕು ಎಂದಿತು. ಕಾರಿಡಾರಿನಲ್ಲಿ ಕೂಗುವ ಒಂದೇ ಒಂದು ಅಲಾರಂ, ಮುಚ್ಚಿದ ಬಾಗಿಲಾಚೆಯ ಮಗುವನ್ನು ಎಬ್ಬಿಸೀತೆಂದು ನನಗೆ ನಂಬಿಕೆಯಿಲ್ಲ.

ಬಾಡಿಗೆ ಮನೆಗಳಿಗೆ ಸ್ವಂತ ಮನೆಗಳಿಗಿಂತ ಐದು ವರ್ಷ ಮೊದಲೇ ನಿಯಮ ಬಂದದ್ದು ನ್ಯಾಯವಾದದ್ದೇ. ಬಾಡಿಗೆದಾರ ಸೂರಿಗೆ ಮೊಳೆ ಹೊಡೆಯಲೂ ಮಾಲೀಕರ ಮಾತು ಕೇಳಬೇಕು. ಇನ್ನೊಂದು ಮುಖ್ಯ ಕಾರಣ ನನಗೆ ಕಂಡದ್ದು ಇದು: ಸ್ವಂತ ಮನೆಯ ಒಳಗೆ ಕಾನೂನು ಇಣುಕುವುದು ಕಷ್ಟ, ಬಾಡಿಗೆ ಮನೆಯಲ್ಲಿ ಕರಾರಿಗೆ ಸಹಿ ಹಾಕುವ ದಿನವೇ ಕಾನೂನಿಗೆ ತೆರೆದ ಬಾಗಿಲು. ಹೊಸ ಕರಾರಾಗಲಿ, ನವೀಕರಣವಾಗಲಿ, ಆರಂಭಕ್ಕೆ ಹಿಂದಿನ 30 ದಿನಗಳೊಳಗೆ ಮಾಲೀಕರು ಪ್ರತಿ ಅಲಾರಮನ್ನೂ ಪರೀಕ್ಷಿಸಿ ಶುಚಿಗೊಳಿಸಬೇಕು. ವಾಸವಿರುವಾಗ ವರ್ಷಕ್ಕೊಮ್ಮೆಯಾದರೂ ಆ ಕೆಲಸ ಬಾಡಿಗೆದಾರನದು. ಕೆಟ್ಟರೆ ತಡಮಾಡದೆ ತಿಳಿಸಬೇಕು. ಕಿತ್ತಿಡುವಂತಿಲ್ಲ, ಬಣ್ಣ ಬಳಿಯುವಂತಿಲ್ಲ. ಯಾರ ಕೆಲಸ ಯಾರದೆಂದು ಗೆರೆ ಎಳೆದದ್ದರಿಂದಲೇ ಆ ತಂತ್ರಜ್ಞ ಅಂದು ಏಣಿ ಹೊತ್ತು ಬಂದದ್ದು.

ನಮ್ಮಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿ ದುರಂತದಲ್ಲಿ 2010ರ ಫೆಬ್ರುವರಿಯಲ್ಲಿ ಒಂಬತ್ತು ಮಂದಿಯನ್ನು ಕಳೆದುಕೊಂಡೆವು. ಅಗ್ನಿಸುರಕ್ಷೆಯ ಮಾತೆಲ್ಲ ಇಂಥ ಬಹುಮಹಡಿ ಕಟ್ಟಡಗಳ ಸುತ್ತಲೇ ತಿರುಗುತ್ತದೆ. 30×40 ಅಡಿ ಸೈಟಿನ ಮೇಲೆದ್ದ ಮೂರಂತಸ್ತಿನ ಬಾಡಿಗೆ ಮನೆಗಳಲ್ಲಿ ಮಂಚದ ಕೆಳಗೆ ಸೊಳ್ಳೆಬತ್ತಿ, ಬಾಗಿಲ ಪಕ್ಕ ಯುಪಿಎಸ್ ಬ್ಯಾಟರಿ, ಮೆಟ್ಟಿಲಡಿ ಚಾರ್ಜಿಗಿಟ್ಟ ಎಲೆಕ್ಟ್ರಿಕ್ ಸ್ಕೂಟರ್, ಕಿಟಕಿಗೆ ಕದಲದ ಗ್ರಿಲ್. ಅಲ್ಲಿ ಮಲಗಿದವರಿಗೆ ಎರಡು ನಿಮಿಷ ಮುಂಚಿನ ಎಚ್ಚರವೇ ಪ್ರಾಣ. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆ ಮಾಲೀಕರಿಗೂ ಬಾಡಿಗೆದಾರರಿಗೂ ದುರಸ್ತಿ ಕೆಲಸಗಳನ್ನು ಹಂಚಿದೆ. ನಲ್ಲಿಯ ವಾಷರ್ ಬದಲಿಸುವುದು ಯಾರೆಂದೂ ಅದರಲ್ಲಿದೆ. ಸ್ಮೋಕ್ ಅಲಾರಂ ಇಲ್ಲ.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಮನೆ ಬಿಡುವಾಗ ಪೇಂಟಿಂಗಿಗೆ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯಬೇಕೆಂದು ಬರೆಸುವ ನಾವು, ಇನ್ನೂ ಎರಡು ಸಾಲು ಬರೆಸಬಹುದು: ಪ್ರತಿ ಮಲಗುವ ಕೋಣೆಗೂ ನಡುಮನೆಗೂ ಫೋಟೊಎಲೆಕ್ಟ್ರಿಕ್ ಅಲಾರಂ ಹಾಕಿಸುವುದು ಮಾಲೀಕರ ಹೊಣೆ, ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡುವುದು, ಧೂಳು ತೆಗೆಯುವುದು ಬಾಡಿಗೆದಾರರ ಹೊಣೆ. ಈ ಅಲಾರಂ ಗ್ಯಾಸ್ ಸೋರಿಕೆಯನ್ನು ಹಿಡಿಯುವುದಿಲ್ಲ, ಅದಕ್ಕೆ ಬೇರೆಯೇ ಸಾಧನ ಬೇಕು ಎಂಬುದನ್ನೂ ಮನೆಮಂದಿಗೆ ತಿಳಿಸಿರಬೇಕು. ಕೀಲಿಕೈ ಈಸಿಕೊಳ್ಳುವ ದಿನ ನೀರಿನ ಸಂಪು, ಕರೆಂಟಿನ ಮೀಟರು ನೋಡಿದ ಮೇಲೆ ಮಾಲೀಕರನ್ನು ಕೇಳಿ: ‘ಸ್ಮೋಕ್ ಅಲಾರಂ ಎಲ್ಲಿ ಹಾಕಿಸಿದ್ದೀರಿ ಸಾರ್?’ ನಾಲ್ಕು ಜನ ಬಾಡಿಗೆದಾರರು ಕೇಳಿದರೆ ಐದನೆಯವರು ಬರುವ ಹೊತ್ತಿಗೆ ಅದು ಸೂರಿನಲ್ಲಿರುತ್ತದೆ.