ಶಾಸನ ನೋಡಲು ಹೊರಟವರಿಗೆ ಯಾವ ಝೂಮ್ ಲೆನ್ಸ್?

ಬೈರಿದೇವರಕೊಪ್ಪದ ಪಕ್ಕದಲ್ಲೇ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ. ಗದಗ ರಸ್ತೆ ಹಿಡಿದರೆ ಅಣ್ಣಿಗೇರಿ, ಮುಂದೆ ಲಕ್ಕುಂಡಿ. ಒಂದೇ ದಿನದಾಗ ಶಿಖರವನ್ನೂ ಶಾಸನವನ್ನೂ ಹಿಡಿಯಬೇಕಂದ್ರೆ ಫುಲ್ ಫ್ರೇಮ್ ಕ್ಯಾಮೆರಾಕ್ಕೆ 24-105, ಎಪಿಎಸ್-ಸಿಗೆ 18-135 ಮಿ.ಮೀ. ಝೂಮ್ ಸಾಕು.

ಆದರೆ ಶಾಸನವನ್ನು 24ರಲ್ಲಿ ತೆಗೆಯಬೇಡಿ. ಆರಡಿ ಕಲ್ಲು ನಾಲ್ಕೇ ಅಡಿ ದೂರದಿಂದ ಚೌಕಟ್ಟಿನೊಳಗೆ ಕೂಡ್ತದ, ಖರೆ. ಅಂಚಿನ ಸಾಲುಗಳು ಮಾತ್ರ ಬಾಗುತ್ತವೆ, ಮೇಲಿನ ಅಕ್ಷರಗಳು ಓರೆಯಾಗಿ ಬೀಳುತ್ತವೆ. ಸವೆದ ಕಲ್ಲಿನಲ್ಲಿ ಮೊದಲೇ ಪಕಾರ ವಕಾರ ಗುರುತಿಸೋದು ಕಷ್ಟ! ಎಂಟೊಂಬತ್ತು ಅಡಿ ಹಿಂದೆ ಸರಿದು 50ಕ್ಕೆ ತಿರುಗಿಸಿ (ಎಪಿಎಸ್-ಸಿಯಲ್ಲಿ 35). ಕ್ಯಾಮೆರಾ ಕಲ್ಲಿನ ನಡುಭಾಗದ ಎತ್ತರಕ್ಕೆ, ಕಲ್ಲಿಗೆ ನೇರವಾಗಿರಲಿ. ಸರಿಯಲು ಜಾಗ ಇಲ್ಲವೇ? ಭಾಗ ಭಾಗವಾಗಿ ತೆಗೆಯಿರಿ. ಪ್ರತಿ ಫೋಟೋದಲ್ಲೂ ಹಿಂದಿನದರ ಎರಡು ಸಾಲು ಬರಲಿ, ಓದುವಾಗ ಕೊಂಡಿ ತಪ್ಪೋದಿಲ್ಲ.

ಸಂರಕ್ಷಿತ ಗುಡಿಗಳಲ್ಲಿ ಟ್ರೈಪಾಡಿಗೆ ಸಾಮಾನ್ಯವಾಗಿ ಅನುಮತಿ ಬೇಕು. ಹಾಗಾಗಿ ಕತ್ತಲ ನವರಂಗಕ್ಕೆ ಸ್ಟೆಬಿಲೈಸೇಶನ್ ಇರುವ ಲೆನ್ಸೇ ಆಗಬೇಕು. ನಡುಗೋದು ನಮ್ಮ ಕೈ, ಕಲ್ಲಲ್ಲ. ದುಬಾರಿ ಎಫ್/2.8 ಝೂಮ್ ಬೇಡ ಅಂತ ನನ್ನ ಅಭಿಪ್ರಾಯ, ಶಾಸನ ತೆಗೆಯೋದು ಹೇಗೂ ಎಫ್/8ರ ಆಸುಪಾಸು. ಉಳಿದ ದುಡ್ಡಿನಾಗ ಒಂದು ಒಳ್ಳೆ ಟಾರ್ಚ್ ಕೊಳ್ಳಿ. ಜೊತೆಗಿದ್ದವರು ಅದನ್ನು ಬದಿಯಿಂದ, ಕಲ್ಲಿಗೆ ಸವರಿದಂತೆ ಹಿಡಿದರೆ ಕೊರೆದ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ಕಾಣ್ತಾವ.