ಅವ್ವಗ ಏಳು ರಾತ್ರಿ ರಜಾ

ಅವ್ವನ ಕಣ್ಣಿನ ಪೊರೆ ಆಪರೇಷನ್ ಆಯಿತು. ಒಂದು ವಾರ ಒಲೆ ಹತ್ತಿರ ಹೋಗೋ ಹಾಗಿಲ್ಲ. ಅಪ್ಪಗ ಶುಗರ್, ರಾತ್ರಿ ಗುಳಿಗಿ ತೊಗೊಂಡ ಮೇಲೆ ಊಟ ತಡವಾದರೆ ತಲೆ ತಿರುಗುತ್ತದೆ. ಲ್ಯಾಪ್‌ಟಾಪ್ ಹೊತ್ತು ಬೆಂಗಳೂರಿನಿಂದ ಸಾಲೋಟಗಿಗೆ ಬಂದೆ. ಆಫೀಸ್ ಕಾಲ್ ಮುಗಿಯೋದು ಏಳಕ್ಕೆ, ಊಟ ಎಂಟಕ್ಕೆ.

ಸೋಮವಾರ ಝುಣಕ, ಮಂಗಳವಾರ ಪುಂಡಿಪಲ್ಯ, ಬುಧವಾರ ಹೆಸರುಕಾಳು. ಪಲ್ಯದ್ದೇನು, ಮಧ್ಯಾಹ್ನವೇ ಹೆಚ್ಚಿಟ್ಟರೆ ಇಪ್ಪತ್ತು ನಿಮಿಷ. ಪರೀಕ್ಷೆ ಇರೋದು ರೊಟ್ಟಿಯೊಳಗ. ಜೋಳದಲ್ಲಿ ಗೋಧಿಯಂಥ ಅಂಟಿಲ್ಲ. ಅದಕ್ಕೇ ಹಿಟ್ಟಿಗೆ ಕುದಿಯೋ ಎಸರು ಹಾಕಿ, ಬಿಸಿ ಇದ್ದಾಗಲೇ ಅಂಗೈಯಿಂದ ನಾದಬೇಕು. ಹಿಟ್ಟು ಹಳೇದಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ವಾರಕ್ಕೆ ಬೇಕಾದಷ್ಟೇ ಬೀಸಿಸಿರಿ. ಹಂಚಿಗೆ ಹಾಕಿದ ಮೇಲೆ ನೀರು ಸವರಿ, ಅದು ಪೂರ್ತಿ ಆರೋ ಮೊದಲೇ ಹೊರಳಿಸಬೇಕು.

ಅವ್ವ ಕಪ್ಪು ಕನ್ನಡಕ ಹಾಕ್ಕೊಂಡು ಪಡಸಾಲೆಯಲ್ಲಿ ಕೂತು, ಬಡಿಯೋ ಸಪ್ಪಳ ಕೇಳೇ ಹೇಳುತ್ತಿದ್ದಳು: "ಇನ್ನೂ ದಪ್ಪ ಅದ ತಂಗಿ, ನಾಕ್ ಏಟು ಬಡಿ."

ನಮ್ಮೂರಿನ 945ರ ಶಾಸನದಲ್ಲಿ, ಬೇರೆ ನಾಡಿನಿಂದ ಓದಲು ಬಂದವರಿಗೆ ಬಿಟ್ಟ 27 ಮನೆಗಳ ಮಾತಿದೆ. ಅಷ್ಟು ಮಂದಿಗೆ ರಾತ್ರಿ ಅಡುಗೆ ಯಾರು ಮಾಡತಿದ್ರೋ ಏನೋ!

ಗುರುವಾರ ಬ್ಯಾಳಿ, ಅನ್ನ. ಶುಕ್ರವಾರ ಕಾಲ್ ಒಂಬತ್ತರ ತನಕ ಎಳೆಯಿತು. ಅಪ್ಪ ತಾನೇ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹಾಕ್ಕೊಂಡು ಎಂಟಕ್ಕೇ ಉಂಡಿದ್ದ, ಅವ್ವಗೂ ಬಡಿಸಿದ್ದ. ಶನಿವಾರ ಕಿಚಡಿ, ಜೊತೆಗೆ ಇಂಡಿ ನಿಂಬೆಯ ಉಪ್ಪಿನಕಾಯಿ.

ರವಿವಾರ ಎಣ್ಣೆಗಾಯಿ. ಉಬ್ಬಿದ ಮೊದಲ ರೊಟ್ಟಿ ಹಂಚಿನಿಂದ ನೇರ ಅವ್ವನ ತಾಟಿಗೆ ಹೋಯಿತು. ಇಷ್ಟು ವರ್ಷ ಎಲ್ಲರದೂ ಮುಗಿದ ಮೇಲೆ ಆರಿದ್ದನ್ನೇ ಉಂಡಾಕೆ. ಮುರಿದಾಗ ಉಗಿ ಎದ್ದಿತು.

"ನಾಳಿಂದ ನಾನೇ ಬಡೀತೀನಿ" ಅಂದಳು.

"ಮೊದ್ಲು ಡಾಕ್ಟರ್‌ನ ಕೇಳೂಣು" ಅಂದ ಅಪ್ಪ, ಇನ್ನೊಂದು ರೊಟ್ಟಿ ಆಕೆಯ ತಾಟಿಗೆ ಹಾಕುತ್ತ.